ನಲ್ಲಿಯ ಬುಡದ ಸೀಸ

ಬೆಸುಗೆಯಮ್ಮನಿಗೆ ಈ ಲೋಕದಲ್ಲಿ ಗೌರವ ಅಂತ ಇದ್ದದ್ದು ಒಂದೇ ಒಂದು ಅಂಕಿಯ ಮೇಲೆ: ನೂರ ಎಂಬತ್ತಮೂರು ಡಿಗ್ರಿ. ತವರ ಅರವತ್ತಮೂರು ಪಾಲು, ಸೀಸ ಮೂವತ್ತೇಳು ಪಾಲು ಸೇರಿಸಿದ ಬೆಸುಗೆ ಸರಿಯಾಗಿ ಆ ಶಾಖಕ್ಕೆ ಗಟ್ಟಿಯಿಂದ ನೇರವಾಗಿ ನೀರಾಗುತ್ತದೆ, ಶಾಖ ಇಳಿದ ಕೂಡಲೇ ನೀರಿನಿಂದ ನೇರವಾಗಿ ಗಟ್ಟಿಯಾಗುತ್ತದೆ. ನಡುವೆ ಗಂಜಿ ಗಿಂಜಿ ಏನೂ ಇಲ್ಲ. ಪಾಲು ಸ್ವಲ್ಪ ಏರುಪೇರಾದರೆ ಸಾಕು, ಅತ್ತ ನೀರೂ ಅಲ್ಲದ ಇತ್ತ ಗಟ್ಟಿಯೂ ಅಲ್ಲದ ಒಂದು ಅವಸ್ಥೆ ಬರುತ್ತದೆ. ಆ ಹೊತ್ತಿನಲ್ಲಿ ಕೈ ಅಲ್ಲಾಡಿತೋ, ಬೆಸುಗೆ ಮಂಕಾಗಿ ಬಿರುಕು ಬಿಡುತ್ತದೆ. ಮನುಷ್ಯರಲ್ಲಿ ಮುಕ್ಕಾಲು ಪಾಲು ಇಂಥ ಗಂಜಿಗಳೇ ಎಂಬುದು ಅವಳ ಖಚಿತ ಅಭಿಪ್ರಾಯ. ಉಳಿದ ಕಾಲು ಪಾಲಿನ ಬಗ್ಗೆಯೂ ಅವಳು ಒಳ್ಳೆಯ ಮಾತಾಡಿದ್ದನ್ನು ಯಾರೂ ಕೇಳಿಲ್ಲ.

ಅವಳ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ರಸ್ತೆಗೆ ತೆರೆದ ಬಾಗಿಲು, ಬಾಗಿಲಿಗೆ ಅಡ್ಡವಾಗಿ ತಗಡು ಹೊದಿಸಿದ ಮೇಜು, ಮೇಜಿನ ಮೇಲೆ ಕೋಲಿನ ತುದಿ ಉಜ್ಜುವ ನವಸಾಗರದ ಗಟ್ಟಿ, ಬ್ಲೋ ಲ್ಯಾಂಪು, ಅದರ ಉರಿಗೆ ಕಾಯಿಸುವ ತುದಿ ಸವೆದ ಎರಡು ಬೆಸುಗೆ ಕೋಲು, ಬೆಸುಗೆ ಸರಳುಗಳ ಒಂದು ಕಟ್ಟು. ಕೆಟಲು, ಕೊಳಗ, ತೂತು ಬಿದ್ದ ರೇಡಿಯೇಟರು, ಹೀಗೆ ಸೋರುವುದೆಲ್ಲ ಅಲ್ಲಿಗೆ ಬರುತ್ತಿತ್ತು. ಅವಳು ಪಾತ್ರೆಯನ್ನು ನೋಡುವ ಮೊದಲು ಅದನ್ನು ತಂದವರನ್ನು ದಿಟ್ಟಿಸುವಳು. "ಬರೀ ಪಾತ್ರೆ ಒಲೆ ಮೇಲಿಟ್ಟು ಹರಟೆ ಹೊಡೀತಾ ನಿಂತಿದ್ರಿ, ಅಲ್ವಾ?" ಎಂದು ಕೇಳುವಳು. ಅದು ನಿಜವೇ ಆಗಿರುತ್ತಿದ್ದುದರಿಂದ ತಂದವರು ತಲೆ ತಗ್ಗಿಸುವರು. ಹಾಲು ಕೊಡುವ ಹಸು ಒದ್ದರೂ ತಾಳಿಕೊಳ್ಳುತ್ತಾರಲ್ಲ, ಹಾಗೆ ಊರವರು ಅವಳಿಂದ ಬೈಸಿಕೊಂಡರೂ ಅಲ್ಲಿಗೇ ಬರುತ್ತಿದ್ದರು. ಅವಳು ಹಾಕಿದ ಬೆಸುಗೆ ಅಷ್ಟು ಚೆಂದ ಕೂರುತ್ತಿತ್ತು.

ಒಂದು ಪ್ರಶ್ನೆಗೆ ಮಾತ್ರ ಅವಳ ಉತ್ತರ ಸದಾ ಸಿದ್ಧವಾಗಿರುತ್ತಿತ್ತು. ಕುಡಿಯುವ ನೀರಿನ ಪಾತ್ರೆಗೆ ಏನು ಹಾಕುತ್ತೀರಿ ಎಂದು ಯಾರಾದರೂ ಕೇಳಿದರೆ, "ಬರೀ ತವರ. ಸೀಸ ವಿಷ, ಮುಟ್ಟಿಸೋದೂ ಇಲ್ಲ" ಎನ್ನುವಳು. ಸುಳ್ಳು. ಬರೀ ತವರ ಕರಗಬೇಕಾದರೆ ಇನ್ನೂರ ಮೂವತ್ತೆರಡು ಡಿಗ್ರಿ ಬೇಕು, ಅದು ಹರಿಯುವುದೂ ಸೋಮಾರಿಯ ಹಾಗೆ. ಸೀಸ ಬೆರೆತದ್ದಾದರೆ ಕೋಲು ತಾಗಿಸಿದ ಕೂಡಲೇ ಸಂದಿಗೆ ನುಗ್ಗುತ್ತದೆ. ಹೀಗಾಗಿ ಕೆಟಲಿಗೂ ಅದೇ, ರೇಡಿಯೇಟರಿಗೂ ಅದೇ. ಗಿರಾಕಿಗೆ ಲೋಹದ ಬಗ್ಗೆ ಏನು ತಿಳಿಯುತ್ತದೆ? ತಿಳಿಯದವರಿಗೆ ಸುಳ್ಳು ಹೇಳುವುದು ಅವಳ ಲೆಕ್ಕದಲ್ಲಿ ಸುಳ್ಳೇ ಅಲ್ಲ, ಕಸ ಗುಡಿಸಿ ಮೂಲೆಗೆ ಹಾಕಿದಷ್ಟೇ.

ಇಂಥ ಮನೆಗೆ ಅಳಿಯ ಬಂದು ಸೇರಿದ. ಮದುವೆಯಾದಾಗ ಅವನೊಂದು ಕಾರ್ಖಾನೆಯಲ್ಲಿದ್ದ. ಅಲ್ಲಿ ಸರ್ಕ್ಯೂಟ್ ಹಲಗೆಗಳು ಬೆಲ್ಟಿನ ಮೇಲೆ ಮೆರವಣಿಗೆ ಹೋಗುತ್ತಾ ಕರಗಿದ ಬೆಸುಗೆಯ ಅಲೆಯ ಮೇಲೆ ಹಾದು ಹೊರಬರುತ್ತವಂತೆ. ಈತ ಆ ಅಲೆಯ ಶಾಖ ನೋಡಿಕೊಳ್ಳುವವನು. ಕಾರ್ಖಾನೆ ಬೇರೆ ಊರಿಗೆ ಎದ್ದು ಹೋಯಿತು, ಅಳಿಯ ಹೆಂಡತಿಯ ಮನೆಗೆ ಎದ್ದು ಬಂದ. "ಕೈಯಲ್ಲಿ ಕೋಲು ಹಿಡಿದವನಲ್ಲ, ಬೆಲ್ಟು ಓಡೋದನ್ನ ನೋಡಿದವನು," ಎಂದು ಬೆಸುಗೆಯಮ್ಮ ಪಕ್ಕದ ಬೀಗ ರಿಪೇರಿಯವನ ಹತ್ತಿರ ಹೇಳಿದಳು. "ರೈಲು ನೋಡಿದ ಮಾತ್ರಕ್ಕೆ ಡ್ರೈವರ್ ಆಗ್ತಾರಾ?"

ಎದುರಿಗೆ ಮಾತ್ರ ಅವಳು ಅವನನ್ನು ಒಂದು ದಿನವೂ ಏಕವಚನದಲ್ಲಿ ಕರೆದವಳಲ್ಲ. ಅಳಿಯಂದ್ರು ಏಳಲಿ, ಅಳಿಯಂದ್ರು ತಿನ್ನಲಿ, ಅಳಿಯಂದ್ರಿಗೆ ನೆರಳಾಗುತ್ತೆ, ದೀಪ ಆ ಕಡೆ ತಿರುಗಿಸಿ. ಬೈಗುಳವನ್ನಾದರೂ ಒರೆಸಿಕೊಳ್ಳಬಹುದು, ಆ ಮರ್ಯಾದೆಯನ್ನು ಒರೆಸಿಕೊಳ್ಳುವುದಕ್ಕೆ ಆಗುತ್ತಿರಲಿಲ್ಲ. ಅವನು ಸುಮ್ಮನಿರುತ್ತಿದ್ದ. ಅವನು ಸುಮ್ಮನಿದ್ದಷ್ಟೂ ಅವಳಿಗೆ ಅವನ ಮೇಲಿನ ತಾತ್ಸಾರ ಹೆಚ್ಚುತ್ತಿತ್ತು, ಏಕೆಂದರೆ ತಿರುಗಿ ಮಾತಾಡದವನನ್ನು ಅವಳು ಗಂಜಿಗಿಂತಲೂ ಕೆಳಗೆ ಇಟ್ಟಿದ್ದಳು.

ಅಂಗಡಿಯ ಇನ್ನೊಂದು ಮೂಲೆಯಲ್ಲಿ, ಕಿಟಕಿಯ ಹತ್ತಿರ, ಅವನು ತನ್ನದೊಂದು ಪುಟ್ಟ ಮೇಜು ಹಾಕಿಕೊಂಡ. ಮೊಬೈಲು, ಮಿಕ್ಸರು, ಹಳೆಯ ಟೇಪ್ ರೆಕಾರ್ಡರು ಅವನ ಪಾಲಿಗೆ. ಅವನ ಕೋಲಿಗೆ ಒಂದು ಡಬ್ಬಿ ಇತ್ತು, ಅದರ ಮೇಲೆ ಶಾಖದ ಅಂಕಿ ಕೆಂಪಗೆ ಹೊಳೆಯುತ್ತಿತ್ತು. ಗೋಡೆಗೆ ಮೊಳೆ ಹೊಡೆದು ತನ್ನ ಬೆಸುಗೆ ತಂತಿಯ ಸುರುಳಿಗಳನ್ನೆಲ್ಲ ಕರಗುವ ಶಾಖದ ಕ್ರಮದಲ್ಲೇ ತೂಗುಹಾಕಿದ್ದ. ಮೇಲಿನ ಮೊಳೆಗೆ ತವರ–ಬೆಳ್ಳಿ–ತಾಮ್ರದ್ದು, ಇನ್ನೂರ ಹದಿನೇಳು. ಕೆಳಗಿನ ಮೊಳೆಗೆ ತವರ–ಬಿಸ್ಮತ್, ನೂರ ಮೂವತ್ತೆಂಟು. ನಡುವೆ ಇನ್ನೂ ಏನೇನೋ.

"ಬಳೆ ಅಂಗಡಿ ಇಟ್ಟಿದ್ದಾರೆ ಅಳಿಯಂದ್ರು," ಎಂದಳು ಬೆಸುಗೆಯಮ್ಮ. ಅಂದಿನಿಂದ ಆ ಮೂಲೆಯ ಕಡೆ ಕತ್ತು ಹೊರಳಿಸಲಿಲ್ಲ. ಅವನ ಕೆಲಸವನ್ನು ಕಣ್ಣೆತ್ತಿ ನೋಡುವುದೇ ಅದಕ್ಕೆ ಬೆಲೆ ಕೊಟ್ಟಂತೆ ಎಂದು ಅವಳ ಎಣಿಕೆ. ನೋಡದೆ ಇದ್ದರೆ ಅದು ಇಲ್ಲದ ಹಾಗೆಯೇ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎಂದು ನಗುತ್ತೇವೆ, ಬೆಕ್ಕಿಗಾದರೂ ಹಾಲು ಸಿಗುತ್ತದೆ.

ಹೀಗಿರುವಾಗ ಬಾಯ್ಲರ್ ಸೋರತೊಡಗಿತು.

ಬಾಯ್ಲರ್ ಮಗಳದು. ಬಸ್ ಡಿಪೋದ ಒಳಗೆ ಅವಳೊಂದು ಕ್ಯಾಂಟೀನ್ ನಡೆಸುತ್ತಿದ್ದಳು. ಟೀ, ಬನ್ನು, ಬಿಸ್ಕತ್ತು. ಕೌಂಟರಿನ ಒಂದು ತುದಿಯಲ್ಲಿ ಒಲೆ, ಒಲೆಯ ಮೇಲೆ ಸೊಂಟದೆತ್ತರದ ತಾಮ್ರದ ಬಾಯ್ಲರ್, ಅದರ ಬುಡದಲ್ಲಿ ಹಿತ್ತಾಳೆಯ ನಲ್ಲಿ. ಆ ನಲ್ಲಿ ಕೂರುವ ಹಿತ್ತಾಳೆಯ ಉಂಗುರವನ್ನು ತಾಮ್ರಕ್ಕೆ ಬೆಸೆದುಕೊಟ್ಟವಳು ಬೆಸುಗೆಯಮ್ಮನೇ, ಕ್ಯಾಂಟೀನು ಶುರುವಾದಾಗ. ಈಗ ಆ ಉಂಗುರದ ಸುತ್ತ ನೀರು ಜಿನುಗುತ್ತಿತ್ತು. ಮಗಳು ಬಾಯ್ಲರನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದಳು.

"ನೀರಿಲ್ದೆ ಕಾಯಿಸಿದ್ದೀಯ," ಎಂದಳು ತಾಯಿ, ನೋಡುವ ಮುಂಚೆಯೇ.

"ಇಲ್ಲಮ್ಮ."

"ಕಾಯಿಸಿದ್ದೀಯ. ಇಲ್ಲಾಂದ್ರೆ ನನ್ನ ಬೆಸುಗೆ ಬಿಡಲ್ಲ. ಇಡು ಇಲ್ಲಿ, ನಾಳೆ ನೋಡ್ತೀನಿ."

ಮಗಳು ಇಡಲಿಲ್ಲ. ಬಾಯ್ಲರನ್ನು ತಬ್ಬಿಕೊಂಡೇ ಅಂಗಡಿ ದಾಟಿ ಕಿಟಕಿಯ ಮೂಲೆಗೆ ಹೋಗಿ, ಗಂಡನ ಮೇಜಿನ ಪಕ್ಕ ಇಳಿಸಿದಳು. "ಅವ್ರೇ ಮಾಡ್ಲಿ ಬಿಡಮ್ಮ," ಎಂದಳು. "ನೀನು ಹಾಕಿದ್ದೇ ತಾನೇ ಸೋರ್ತಿರೋದು."

ಬೀಗದವನು ಆ ಹೊತ್ತಿಗೆ ಅಂಗಡಿಯ ಬಾಗಿಲಲ್ಲೇ ನಿಂತಿದ್ದ. ಅದು ಇನ್ನೂ ಕೆಟ್ಟದಾಯಿತು. ಬೆಸುಗೆಯಮ್ಮ ಕೈಯಲ್ಲಿದ್ದ ಕೆಟಲಿನ ಮೂತಿಯನ್ನು ಉಪ್ಪುಕಾಗದದಿಂದ ಉಜ್ಜುತ್ತಲೇ ಇದ್ದಳು. ಹೆತ್ತ ಮಗಳು, ಅದೂ ಹೊರಗಿನವನೊಬ್ಬನ ಎದುರು, ತನ್ನ ಕೆಲಸವನ್ನು ತಂದು ಆ ಬಳೆ ಅಂಗಡಿಗೆ ಒಪ್ಪಿಸಿದಳಲ್ಲ! ಬೆಲ್ಟು ನೋಡಿದವನಿಗೆ! ಉಗುರಿಗೂ ಸಮನಲ್ಲದವನಿಗೆ!

ಬೀಗದವನು ಹೋದ. ಮಗಳು ಒಳಗೆ ಹೋದಳು. ಆಗ ಅಳಿಯ ಎದ್ದು ಬಂದು ಅವಳ ಮೇಜಿನ ಮುಂದೆ ನಿಂತ.

"ಅತ್ತೆ, ಕೆಳಗೇನಿದೆ?" ಎಂದು ಕೇಳಿದ.

ಈ ಮಾತಿಗೆ ಒಂದು ಹಿನ್ನೆಲೆಯಿದೆ. ಬೆಸುಗೆ ಕೆಲಸದವರಲ್ಲಿ, ಒಬ್ಬರು ಹಾಕಿದ ಬೆಸುಗೆಯ ಮೇಲೆ ಇನ್ನೊಬ್ಬರು ಕೈಯಿಡುವ ಮೊದಲು ಕೇಳುವ ಪ್ರಶ್ನೆ ಇದು. ಹಾಕಿದವರು ಬದುಕಿದ್ದರೆ ಅವರನ್ನೇ ಕೇಳಬೇಕು, ಕೇಳಿದವರಿಗೆ ನಿಜವನ್ನೇ ಹೇಳಬೇಕು. ಮುಖ ಕೊಟ್ಟು ಮಾತಾಡದ ವೈರಿಯಾದರೂ ಇದೊಂದಕ್ಕೆ ಉತ್ತರ ಕೊಡುತ್ತಾನೆ, ಏಕೆಂದರೆ ಕೆಳಗಿನ ಲೋಹ ಮೇಲಿನ ಲೋಹದ ಜೊತೆ ಸೇರಿ ಏನಾಗುತ್ತದೆ ಎಂಬುದು ಪಾತ್ರೆಗೆ ಸಂಬಂಧಿಸಿದ್ದು, ಜಗಳಕ್ಕಲ್ಲ. ಬೆಲ್ಟು ನೋಡಿದವನಿಗೆ ಈ ಪ್ರಶ್ನೆ ಗೊತ್ತಿದ್ದದ್ದೇ ಬೆಸುಗೆಯಮ್ಮನಿಗೆ ಮೊದಲ ಕಿರಿಕಿರಿ.

ಅವಳು ತಲೆಯೆತ್ತಿದಳು. ಅವನ ಎಡಗೈಯಲ್ಲಿ ಕೆಳಗಿನ ಮೊಳೆಯ ಸುರುಳಿ ಇತ್ತು. ತವರ–ಬಿಸ್ಮತ್. ಯಾಕೆಂದು ಅವಳಿಗೆ ಆಗಲೇ ಹೊಳೆಯಿತು. ನಲ್ಲಿಯ ಪಕ್ಕದಲ್ಲೇ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಹಿಡಿಕೆ ಬೆಸೆದಿತ್ತು. ಹೆಚ್ಚು ಶಾಖ ಕೊಟ್ಟರೆ ಅದೂ ಸಡಿಲಗೊಂಡು ಕೆಲಸದ ಮೇಲೆ ಕೆಲಸ. ಆದ್ದರಿಂದ ಕಡಿಮೆ ಶಾಖದ್ದು. ಆಯ್ಕೆ ಸರಿಯಾಗಿಯೇ ಇತ್ತು. ಅದು ಎರಡನೆಯ ಕಿರಿಕಿರಿ.

ಆಮೇಲೆ ಅವಳಿಗೆ ಚಮಚ ನೆನಪಾಯಿತು.

ಅವಳ ಗಂಡ, ಈಗಿಲ್ಲ, ಕಸುಬಿನಲ್ಲಿ ಗಟ್ಟಿಗನೇ, ಬುದ್ಧಿಯಲ್ಲಿ ಮಂಗ. ಮದುವೆಯಾದ ಹೊಸದರಲ್ಲಿ ಒಲೆಯಿಂದ ಆಗಷ್ಟೇ ಇಳಿಸಿದ, ಕುದಿಯುವ ಟೀ ಕೊಟ್ಟು, ಕಲಕಿಕೋ ಎಂದು ಬೆಳ್ಳಿಯಂತೆ ಹೊಳೆಯುವ ಒಂದು ಚಮಚ ಕೈಗಿತ್ತ. ಕಲಕಿದಳು. ಅವಳ ಕೈಯಲ್ಲಿ ಹಿಡಿಕೆಯ ತುಂಡು ಮಾತ್ರ ಉಳಿಯಿತು, ಚಮಚ ಲೋಟದ ತಳದಲ್ಲಿ ಮುದ್ದೆಯಾಗಿ ಕೂತಿತ್ತು. ಅವನು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆ ಟೀ ಚೆಲ್ಲುವ ಬುದ್ಧಿಯಾದರೂ ಇತ್ತು, ಪುಣ್ಯ. ಆಮೇಲೆ ವಿವರಿಸಿದ: ಸೀಸ ಒಂಟಿಯಾಗಿದ್ದರೆ ಮುನ್ನೂರ ಇಪ್ಪತ್ತೇಳಕ್ಕೆ ಕರಗುತ್ತದೆ, ಬಿಸ್ಮತ್ ಇನ್ನೂರ ಎಪ್ಪತ್ತೊಂದಕ್ಕೆ, ತವರ ಇನ್ನೂರ ಮೂವತ್ತೆರಡಕ್ಕೆ. ಮೂವರೂ ಗಟ್ಟಿಗರೇ. ಮೂವರನ್ನೂ ಒಂದೇ ಕಡೆ ಕೂಡಿಹಾಕಿದರೆ ಮಾತ್ರ ತೊಂಬತ್ತಾರಕ್ಕೇ ಕರಗಿಹೋಗುತ್ತಾರೆ, ನೀರು ಕುದಿಯುವುದಕ್ಕೂ ಮುಂಚೆ. ಗಂಡನೆಂಬ ಪ್ರಾಣಿಯ ಬಗ್ಗೆ ಅವಳಿಗಿದ್ದ ಅಸಡ್ಡೆ ಶುರುವಾದದ್ದು ಆ ಲೋಟದಿಂದ. ಅಂಕಿ ಮಾತ್ರ ತಲೆಯಲ್ಲಿ ಉಳಿಯಿತು.

ಈಗ ಬಾಯ್ಲರಿನ ಉಂಗುರದ ಕೆಳಗೆ ಅವಳದೇ ಕೈಯ ತವರ ಮತ್ತು ಸೀಸ. ಅದರ ಮೇಲೆ ಅಳಿಯನ ಬಿಸ್ಮತ್ ಬಿತ್ತೆಂದರೆ ಚಮಚವೇ ಆಯಿತು. ತಣ್ಣಗಿರುವಾಗ ಕಲ್ಲಿನಂತೆ ಕೂತಿರುತ್ತದೆ. ನೀರು ಕಾದು ಇನ್ನೇನು ಕುದಿಯಬೇಕು ಎನ್ನುವಾಗ ನಲ್ಲಿ ಕಳಚಿ ಬೀಳುತ್ತದೆ.

ಸೀಸ ಇದೆ ಎಂದು ಹೇಳಿಬಿಟ್ಟರೆ ಇಷ್ಟು ವರ್ಷ ಊರಿಗೆಲ್ಲ ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡ ಹಾಗೆ, ಅದೂ ಇವನ ಮುಂದೆ. ಬರೀ ತವರ ಎಂದರೆ ಕಸುಬಿನವನಿಗೆ ಸುಳ್ಳು ಹೇಳಿದ ಹಾಗೆ, ನಾಳೆ ಬೊಟ್ಟು ತನ್ನ ಕಡೆಗೇ ತಿರುಗುತ್ತದೆ. ಎರಡೂ ಬೇಡ.

"ಎಲ್ಲಾ ಬಲ್ಲವರು ನೀವು," ಎಂದಳು. "ಡಬ್ಬಿ ಇದೆ, ಅಂಕಿ ಇದೆ, ಗೋಡೆ ತುಂಬ ಬಳೆ ಇದೆ. ನನ್ನಂಥ ತಗಡು ತಟ್ಟೋಳನ್ನ ಕೇಳೋದೇನು ಬಂತು ಅಳಿಯಂದ್ರೇ?"

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಉತ್ತರ. ಅಳಿಯ ಕೈಯ ಸುರುಳಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಸರಿ ಅತ್ತೆ," ಎಂದು ಹೊರಟುಹೋದ. ಗಂಜಿ, ಎಂದುಕೊಂಡಳು ಅವಳು.

ಮುಂದಿನದೆಲ್ಲ ಅವಳ ಕಣ್ಣ ಮುಂದೆ ಬಂತು. ಇವನು ಏನು ಬೆಸೆದರೂ ಹಿತ್ತಲಿನ ಒಲೆಯ ಮೇಲೆ ಪರೀಕ್ಷೆ ಮಾಡದೆ ಕಳಿಸುವವನಲ್ಲ, ಹೆದರುಪುಕ್ಕಲ. ನಾಳೆ ಬೆಳಿಗ್ಗೆ ನೀರು ತುಂಬಿಸಿ ಒಲೆ ಹಚ್ಚುತ್ತಾನೆ. ಕೈಕಟ್ಟಿ ದೂರ ನಿಂತು ನೋಡುತ್ತಾನೆ. ನಲ್ಲಿ ಟಪ್ಪೆಂದು ಉದುರುತ್ತದೆ, ನೀರೆಲ್ಲ ಹಿತ್ತಲಿನ ಚರಂಡಿಗೆ ಹೋಗುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಸರಿಯಾಗಿ ಆ ಹೊತ್ತಿಗೆ ತಾನು ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋಗಬೇಕು. ಕಂಡೂ ಕಾಣದವಳ ಹಾಗೆ ನಿಲ್ಲಬೇಕು. ಆಮೇಲೆ, "ಅಯ್ಯೋ, ಏನಾಯ್ತು ಅಳಿಯಂದ್ರೇ?" ಈ ಕೊನೆಯ ಮಾತನ್ನು ಅವಳು ಎರಡು ಮೂರು ಧಾಟಿಯಲ್ಲಿ ಮನಸ್ಸಿನಲ್ಲೇ ಹೇಳಿ ನೋಡಿದಳು. ಎಲ್ಲವೂ ಚೆನ್ನಾಗಿಯೇ ಇದ್ದವು.

ಅವನ ಮುಖ ನೋಡಬಾರದೆಂದು ಸಂಜೆ ತನ್ನ ಕೋಣೆಯ ಬಾಗಿಲು ಕಿಟಕಿ ಎರಡೂ ಹಾಕಿಕೊಂಡಳು. ಹಿತ್ತಲ ಕಡೆಯಿಂದ ಅರ ಉಜ್ಜುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಬೆಸುಗೆ ಬಾರದವನಿಗೆ ಅರವೇ ಗತಿ, ಎಂದುಕೊಂಡು ಮಗ್ಗುಲಾದಳು.

ಬೆಳಿಗ್ಗೆ ಅವಳು ಹಿತ್ತಲಿಗೆ ಹೋದಾಗ ಒಲೆ ತಣ್ಣಗಿತ್ತು. ಬಾಯ್ಲರ್ ಇರಲಿಲ್ಲ. ಮಗಳೂ ಇರಲಿಲ್ಲ, ಅಳಿಯನೂ ಇರಲಿಲ್ಲ.

ಅಂಗಡಿಯ ಬಾಗಿಲು ತೆರೆದರೆ ಬೀಗದವನು ತನ್ನ ಅಂಗಡಿಯ ಮೆಟ್ಟಿಲು ಗುಡಿಸುತ್ತಿದ್ದ.

"ಬಾಯ್ಲರ್ ಎಲ್ಲಿ?" ಎಂದಳು.

"ಆಗ್ಲೇ ಆಟೋದಲ್ಲಿ ಹಾಕ್ಕೊಂಡು ಹೋದ್ರಲ್ಲಮ್ಮ, ಇಬ್ರೂ. ಬೆಳಗಿನ ಪಾಳಿಯವರಿಗೆ ಟೀ ಬೇಕಲ್ಲ."

"ನೀರು ಕಾಯಿಸಿ ನೋಡಿದ್ರಾ?"

"ನಾನು ಕಾಣೆ. ಬಂದೆ, ಹೋಗ್ತಿದ್ರು, ನೋಡ್ದೆ, ಅಷ್ಟೇ." ಬೀಗದವನು ಪೊರಕೆ ನಿಲ್ಲಿಸಿದ. "ಯಾಕಮ್ಮ, ಮೈಗೆ ಹುಷಾರಿಲ್ವಾ?"

ಡಿಪೋದ ಆ ಕೌಂಟರು ಅವಳ ಕಣ್ಣಿಗೆ ಕಟ್ಟಿತು. ನಲ್ಲಿಯ ಎದುರಿಗೆ ನಿಲ್ಲುವುದು ಮಗಳು. ಲೋಟ ಹಿಡಿದು, ಬಗ್ಗಿ, ನಲ್ಲಿಗೆ ಮೈ ತಾಗಿಸಿಕೊಂಡೇ ನಿಲ್ಲುತ್ತಾಳೆ. ನಲ್ಲಿ ಕಳಚಿದರೆ ಕುದಿಯುವ ನೀರು ಅವಳ ಹೊಟ್ಟೆಯಿಂದ ಪಾದದ ತನಕ ಸುರಿಯುತ್ತದೆ, ಅಷ್ಟು ದೊಡ್ಡ ಬಾಯ್ಲರ್ ಖಾಲಿಯಾಗುವವರೆಗೂ.

ಮಗಳಿಗೆ ಫೋನ್ ಮಾಡಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಬೆಳಗಿನ ಗದ್ದಲದಲ್ಲಿ ಮಗಳು ಫೋನು ಎತ್ತುವುದಿಲ್ಲ. ಅಳಿಯ ಎತ್ತುತ್ತಿದ್ದ. ಆದರೆ ಅಳಿಯನ ನಂಬರು ಅವಳ ಫೋನಿನಲ್ಲಿರಲಿಲ್ಲ. ಇಷ್ಟು ದಿನವಾದರೂ ಅವಳು ಅದನ್ನು ಹಾಕಿಕೊಂಡಿರಲಿಲ್ಲ, ಅಂಥದ್ದೊಂದು ನಂಬರು ತನಗೆ ಯಾತಕ್ಕೆ ಬೇಕು ಎಂದು. ಅವಳು ಚಪ್ಪಲಿ ಮೆಟ್ಟಿಕೊಂಡವಳೇ ಓಡಿದಳು. ಅಂಗಡಿಯ ಬಾಗಿಲು ಹಾರು ಹೊಡೆದುಕೊಂಡೇ ಇತ್ತು.

ಓಡುತ್ತಿರುವಾಗಲೂ ಅವಳ ಬುದ್ಧಿ ಏನು ಮಾಡುತ್ತಿತ್ತು ಎಂದು ಹೇಳಿದರೆ ನಾಚಿಕೆಯಾಗಬೇಕು, ಅವಳಿಗಲ್ಲದಿದ್ದರೆ ಕೇಳಿದವರಿಗೆ. ನಿಜ ಹೇಳದೆ ಮಗಳನ್ನು ನಲ್ಲಿಯ ಹತ್ತಿರದಿಂದ ಹೇಗೆ ಸರಿಸಬಹುದು ಎಂದು ಲೆಕ್ಕ ಹಾಕುತ್ತಿತ್ತು. ಮನೆಗೆ ಯಾರೋ ಬಂದಿದ್ದಾರೆ ಎನ್ನಬಹುದು. ಎದೆ ನೋಯುತ್ತಿದೆ ಎಂದು ಅಲ್ಲೇ ಕೂತುಬಿಡಬಹುದು. ಮಗಳು ಸರಿದ ಮೇಲೆ ನಲ್ಲಿ ಬಿದ್ದರೆ ಬೀಳಲಿ, ಡಿಪೋದವರೆಲ್ಲರ ಎದುರಿಗೇ ಬೀಳಲಿ. ಹಿತ್ತಲಲ್ಲಿ ಬೀಳುವುದಕ್ಕಿಂತ ಅದೇ ಚೆಂದ ಅಲ್ಲವೇ? ಏದುಸಿರು ಬಿಡುತ್ತಾ ರಸ್ತೆ ದಾಟುವಾಗಲೂ ಆ ಮುದುಕಿಗೆ ಈ ಲಾಭ ಕಂಡಿತು.

ಡಿಪೋದ ಗೇಟು ದಾಟಿ, ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ, ಸಾಲಾಗಿ ನಿಂತ ಬಸ್ಸುಗಳ ನಡುವೆ ನುಸುಳಿ ಅವಳು ಕ್ಯಾಂಟೀನಿಗೆ ಬಂದಳು. ಡ್ರೈವರುಗಳು, ಕಂಡಕ್ಟರುಗಳು, ಕೈಯೆಲ್ಲ ಗ್ರೀಸು ಮಾಡಿಕೊಂಡ ಮೆಕ್ಯಾನಿಕ್ಕುಗಳು ಬೆಂಚು ತುಂಬಿದ್ದರು. ಮೊದಲ ಸುತ್ತಿನ ಟೀಯನ್ನು ಮಗಳು ಚಿಕ್ಕ ಪಾತ್ರೆಯಲ್ಲಿ ಮಾಡಿ ಹಂಚಿದ್ದಳು. ಎರಡನೆಯ ಸುತ್ತಿಗೆ ಬಾಯ್ಲರ್ ಕಾಯುತ್ತಿತ್ತು. ಮುಚ್ಚಳದ ಮೇಲಿನ ಗಡಿಯಾರದಂಥ ಶಾಖಮಾಪಕದ ಮುಳ್ಳು ತೊಂಬತ್ತನ್ನು ದಾಟಿತ್ತು. ಮಗಳು ಸಾಲಾಗಿ ಲೋಟ ಜೋಡಿಸುತ್ತಾ ನಲ್ಲಿಯ ಮುಂದೆಯೇ ನಿಂತಿದ್ದಳು. ಹೊಟ್ಟೆಗೂ ನಲ್ಲಿಗೂ ನಡುವೆ ಒಂದು ಗೇಣು. ಅಳಿಯ ಹಿಂದಿನ ತೊಟ್ಟಿಯಲ್ಲಿ ಲೋಟ ತೊಳೆಯುತ್ತಿದ್ದ.

"ಬಾರೇ ಇಲ್ಲಿ," ಎಂದಳು ಬೆಸುಗೆಯಮ್ಮ.

"ಅಮ್ಮ? ನೀನ್ಯಾಕೆ ಬಂದೆ? ಇರು, ಇವ್ರಿಗೆಲ್ಲ ಕೊಟ್ಟು ಬರ್ತೀನಿ."

"ಮನೆಗೆ ಯಾರೋ ಬಂದಿದ್ದಾರೆ. ಬಾ ಹೊರಗೆ."

"ಯಾರು?"

ಯಾರೆಂದು ಯೋಚಿಸಿಕೊಂಡು ಬಂದಿರಲಿಲ್ಲ. ಮುಳ್ಳು ತೊಂಬತ್ತನಾಲ್ಕಕ್ಕೆ ಬಂತು. ಮಗಳು ಲೋಟ ಹಿಡಿದು ನಲ್ಲಿಯ ಕಡೆ ಬಗ್ಗಿದಳು.

"ಸರಿಯೇ ಅಲ್ಲಿಂದ!" ಬೆಸುಗೆಯಮ್ಮ ಕಿರುಚಿದಳು. "ಸರಿ! ಅದರಲ್ಲಿ ಸೀಸ ಇದೆ!"

ಮಗಳು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು.

"ಯಾವುದರಲ್ಲಿ?" ಎಂದಳು.

"ನಲ್ಲಿ ಬುಡದಲ್ಲಿ. ನಾನೇ ಹಾಕಿದ್ದು. ಅದರ ಮೇಲೆ ಇವರು ಬಿಸ್ಮತ್ ಹಾಕಿದ್ದಾರೆ. ಎರಡೂ ಸೇರಿದ್ರೆ ನೀರು ಕುದಿಯೋ ಮುಂಚೆ ಬಿಟ್ಟುಕೊಳ್ಳುತ್ತೆ. ಈಗ ಬೀಳುತ್ತೆ ನೋಡು. ದೂರ ಇರಿ ಎಲ್ಲಾರೂ!"

ಎಲ್ಲರೂ ದೂರ ಸರಿದರು. ಎಲ್ಲರೂ ನಲ್ಲಿಯನ್ನೇ ನೋಡಿದರು. ಮುಳ್ಳು ತೊಂಬತ್ತಾರಕ್ಕೆ ಬಂತು. ತೊಂಬತ್ತೇಳಾಯಿತು. ಬೆಸುಗೆಯಮ್ಮ ಮುಷ್ಟಿ ಬಿಗಿಹಿಡಿದು ಕಾದಳು. ಮುಚ್ಚಳ ಕಟಕಟ ಎನ್ನತೊಡಗಿತು, ಅಂಚಿನಿಂದ ಹಬೆ ಎದ್ದಿತು, ಒಳಗೆ ನೀರು ಮರಳುವ ಸದ್ದು ಬೆಂಚಿನವರೆಗೂ ಕೇಳಿಸಿತು. ನಲ್ಲಿ ಇದ್ದಲ್ಲೇ ಇತ್ತು. ಒಂದು ಹನಿಯೂ ಇಲ್ಲ. ಮೊದಲ ಸಲ ಅವಳು ಆ ಬೆಸುಗೆಯನ್ನು ಕಣ್ಣು ಬಿಟ್ಟು ನೋಡಿದಳು. ಸುತ್ತಲೂ ಒಂದೇ ಸಮ, ದಾರದಷ್ಟು ಸಣ್ಣ. ಉಂಗುರ ಹೊಸದು.

ಅಳಿಯ ಕೈ ಒರೆಸಿಕೊಳ್ಳುತ್ತಾ ಬಂದ. "ಹಳೇದು ಒಂಚೂರೂ ಉಳಿಸಿಲ್ಲ ಅತ್ತೆ," ಎಂದ. "ಉಂಗುರ ಬದಲಾಯಿಸ್ದೆ. ತಾಮ್ರದಲ್ಲಿ ಸೀಸ ಹಿಡಿದಿದ್ದ ಅಂಚನ್ನೂ ಅರದಲ್ಲಿ ಉಜ್ಜಿ ತೆಗೆದೆ. ನಿನ್ನೆ ಸಂಜೆನೇ ಕುದಿಸಿ ನೋಡಿದ್ದೀನಿ."

"ಸೀಸ ಇದೆ ಅಂತ ನಿಮಗೆ ಯಾರು ಹೇಳಿದ್ರು?"

"ನೀವೇ."

"ನಾನು ಯಾವಾಗ ಹೇಳ್ದೆ?"

"ಊರವರಿಗೆಲ್ಲ ಬರೀ ತವರ ಬರೀ ತವರ ಅಂತ ಹೇಳ್ತಿದ್ರಿ. ಅದು ನಿಜ ಆಗಿದ್ರೆ ನನಗೆ ಇನ್ನೂ ಜೋರಾಗಿ ಹೇಳ್ತಿದ್ರಿ. ನಿನ್ನೆ ಹೇಳ್ಲಿಲ್ಲ." ಅವನು ಕೈವಸ್ತ್ರವನ್ನು ಮಡಚಿದ. "ನನ್ನ ಕೈಯಲ್ಲಿ ಬಿಸ್ಮತ್ ನೋಡಿ ಮಾತು ತೇಲಿಸಿದ್ರಿ. ಆಗ ಗೊತ್ತಾಯ್ತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹಂಗಿಸುವ ಧಾಟಿಯೂ ಇರಲಿಲ್ಲ. ಒಂದು ಲೋಹ ಇಂಥ ಶಾಖಕ್ಕೆ ಹೀಗೆ ನಡೆದುಕೊಳ್ಳುತ್ತದೆ ಎಂದು ಹೇಳುವವನ ದನಿ. ಇಷ್ಟು ದಿನ ತಾನು ಕತ್ತು ಹೊರಳಿಸಿ ನೋಡದೆ ಇದ್ದ ಮನುಷ್ಯ ತನ್ನನ್ನು ಮಾತ್ರ ಚೆನ್ನಾಗಿಯೇ ನೋಡಿಕೊಂಡಿದ್ದ ಎಂಬುದು ಬೆಸುಗೆಯಮ್ಮನಿಗೆ ಆಗ ತಿಳಿಯಿತು, ಮೈ ಉರಿದುಹೋಯಿತು.

ಹಿಂದಿನಿಂದ ಒಬ್ಬ ಡ್ರೈವರು ಲೋಟವನ್ನು ಬೆಂಚಿನ ಮೇಲಿಟ್ಟ. "ಅಂದ್ರೆ ಇಷ್ಟು ದಿನ ನಾವು ಕುಡಿದಿದ್ದು ಸೀಸದ ಟೀನಾ?" ಎಂದ. "ನಮ್ಮನೆ ಕೆಟಲು ಕೂಡ ಇವರೇ ಬೆಸೆದಿದ್ದು," ಎಂದ ಇನ್ನೊಬ್ಬ. "ಮಗುಗೆ ಹಾಲು ಅದರಲ್ಲೇ ಕಾಯಿಸೋದು." ಒಬ್ಬೊಬ್ಬರಾಗಿ ಲೋಟ ಕೆಳಗಿಟ್ಟರು. ಅರ್ಧ ಕುಡಿದವರು ಅರ್ಧಕ್ಕೇ ಇಟ್ಟರು. ಈಗ ಅದರಲ್ಲಿ ಸೀಸವಿಲ್ಲ, ಎಲ್ಲ ತೆಗೆದಾಗಿದೆ ಎಂದು ಅಳಿಯ ಹೇಳಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಜಿಗಳು, ಎಂದುಕೊಳ್ಳಲು ನೋಡಿದಳು ಬೆಸುಗೆಯಮ್ಮ. ಅವರು ಗಂಜಿಗಳ ಹಾಗೆ ಕಾಣಲಿಲ್ಲ. ನೂರ ಎಂಬತ್ತಮೂರರಿಂದ ಇಳಿದ ಬೆಸುಗೆಯ ಹಾಗೆ, ಒಂದೇ ಸಲಕ್ಕೆ ಗಟ್ಟಿಯಾಗಿ ಎದ್ದು ಹೋದರು.

ಬೆಂಚುಗಳು ಖಾಲಿಯಾದವು. ತಮ್ಮ ಕಾಲ ಮೇಲೆ ತಾವೇ ಚಪ್ಪಡಿ ಎಳೆದುಕೊಳ್ಳುವವರಿದ್ದಾರೆ. ಈ ಮಹಾತಾಯಿ ಮಗಳ ಅಂಗಡಿಯ ಮೇಲೂ ಎಳೆದಿದ್ದಳು.

ಮಗಳು ಒಲೆ ಆರಿಸಿದಳು.

"ನಿನಗೋಸ್ಕರ ಓಡಿ ಬಂದೆ ಕಣೇ," ಎಂದಳು ತಾಯಿ. "ನಿನ್ನ ಮೈಮೇಲೆ ಬೀಳ್ತಿತ್ತು."

"ಗೊತ್ತು."

"ಎಲ್ಲಾರ ಮುಂದೆ ಮಾನ ಬಿಟ್ಟು ಹೇಳ್ದೆ. ನಿನಗೋಸ್ಕರ."

"ಹೌದಮ್ಮ, ನನಗೋಸ್ಕರ." ಮಗಳು ಜೋಡಿಸಿಟ್ಟಿದ್ದ ಖಾಲಿ ಲೋಟಗಳನ್ನು ಒಂದರೊಳಗೊಂದು ಕೂರಿಸುತ್ತಿದ್ದಳು. "ಇವತ್ತು ನಾನು ಬರದೆ ಅವರೊಬ್ರೇ ಇಲ್ಲಿ ನಿಂತಿದ್ದಿದ್ರೆ ಬರ್ತಿದ್ಯಾ?"

"ಬಿಡೇ, ಕೇಳಬೇಡ," ಎಂದ ಅಳಿಯ ಮೆಲ್ಲಗೆ.

"ಕೇಳ್ಬೇಕು. ಹೇಳಮ್ಮ. ಬರ್ತಿದ್ಯಾ?"

ಬರ್ತಿದ್ದೆ ಎನ್ನಬೇಕಿತ್ತು, ಅಷ್ಟೇ. ಊರಿಗೆಲ್ಲ ಉತ್ತರ ಇಟ್ಟುಕೊಂಡಿದ್ದವಳು, ಗಿರಾಕಿಯ ಮುಖ ನೋಡಿದ ಕೂಡಲೇ ಮಾತು ಎಸೆಯುತ್ತಿದ್ದವಳು, ಬಾಯಿ ತೆರೆದಳು. ಅಳಿಯ ಮುಖ ತಿರುಗಿಸಿಕೊಂಡು ತೊಟ್ಟಿಯ ಕಡೆಗೆ ಹೋಗಿಬಿಟ್ಟ. ಅವಳ ಬಾಯಿ ತೆರೆದೇ ಇತ್ತು.

"ಸರಿ. ಗೊತ್ತಾಯ್ತು," ಎಂದಳು ಮಗಳು. ನಲ್ಲಿಯ ಕೆಳಗೆ ಬಕೆಟ್ಟು ಇಟ್ಟು, ಯಾರೂ ಕುಡಿಯದ ಬಿಸಿನೀರನ್ನು ಬಿಡತೊಡಗಿದಳು.